ಹಾಡಿ ನ್ಯಾಯ, ಕೋರ್ಟ್ ನ್ಯಾಯ: ತಂಗಿ ಜೊತೆ ನಾನು ಓಡಾಡಿದ್ದು

ನಾನು ಮೈಸೂರು ಜಿಲ್ಲೆ ಎಚ್.ಡಿ. ಕೋಟೆ ತಾಲ್ಲೂಕಿನ ಒಂದು ಹಾಡಿಯಲ್ಲಿ, ಅಂದರೆ ಆದಿವಾಸಿಗಳ ಊರಿನಲ್ಲಿ, ಅಂಗನವಾಡಿ ಕಾರ್ಯಕರ್ತೆ. ನಾವು ಜೇನು ಕುರುಬರು. ಕರ್ನಾಟಕದಲ್ಲಿ ವಿಶೇಷ ದುರ್ಬಲ ಬುಡಕಟ್ಟು ಅಂತ ಕೇಂದ್ರ ಸರ್ಕಾರ ಗುರುತಿಸಿರುವುದು ಎರಡೇ ಸಮುದಾಯ. ಒಂದು ಕರಾವಳಿಯ ಕೊರಗರು, ಇನ್ನೊಂದು ನಾವು. ಈ ಬರಹ ನನ್ನ ಚಿಕ್ಕಮ್ಮನ ಮಗಳ ಬಗ್ಗೆ. ಗಂಡನ ಹೊಡೆತದಿಂದ ಬಿಡಿಸಿಕೊಳ್ಳಲು ಅವಳು ಹತ್ತಿದ ಮೆಟ್ಟಿಲುಗಳನ್ನೆಲ್ಲ ನಾನೂ ಜೊತೆಯಲ್ಲಿ ಹತ್ತಿದ್ದೇನೆ. 'ಬರಿ ಅಕ್ಕ, ನನ್ನ ಹೆಸರೊಂದು ಬೇಡ' ಅಂದಳು. ಹಾಗಾಗಿ ಇಲ್ಲಿ ಅವಳನ್ನು ತಂಗಿ ಅಂತಲೇ ಕರೆಯುತ್ತೇನೆ.

ಮೊದಲು ಹಾಡಿ ನ್ಯಾಯ ಅಂದರೆ ಏನು ಅಂತ ಹೇಳಬೇಕು. ಪೇಟೆಯವರು ಇದನ್ನು ಒಂದೋ ಬೈಯುತ್ತಾರೆ, ಇಲ್ಲ ತುಂಬಾ ಹೊಗಳುತ್ತಾರೆ.

ನಮ್ಮಲ್ಲಿ ಜಗಳ ಆದರೆ ಯಜಮಾನರ, ಅಂದರೆ ಹಾಡಿಯ ಮುಖಂಡರ, ಮನೆ ಮುಂದೆ ಸಂಜೆ ಸೇರುತ್ತಾರೆ. ಎಲೆ ಅಡಿಕೆ ಇಡುತ್ತಾರೆ. ಎರಡೂ ಕಡೆಯವರು ಮಾತಾಡುತ್ತಾರೆ. ತಪ್ಪು ಮಾಡಿದವನಿಗೆ ದಂಡ ಹಾಕುತ್ತಾರೆ. ಇದರಲ್ಲಿ ಒಳ್ಳೆಯದು ಬಹಳ ಇದೆ. ನಮ್ಮ ಭಾಷೆಯಲ್ಲಿ ಮಾತಾಡಬಹುದು. ಒಂದು ರೂಪಾಯಿ ಖರ್ಚಿಲ್ಲ. ಅದೇ ದಿನ ಮುಗಿಯುತ್ತದೆ. ಯಾರ ಮಾತು ನಿಜ ಅಂತ ಎಲ್ಲರಿಗೂ ಗೊತ್ತಿರುತ್ತದೆ, ಯಾಕೆಂದರೆ ಗೋಡೆಗಳು ಅಷ್ಟು ತೆಳು. ಆದರೆ ನಮ್ಮ ಹಾಡಿಯಲ್ಲಿ ಕೂರುತ್ತಿದ್ದವರು ಗಂಡಸರು ಮಾತ್ರ. ಹೆಂಗಸರು ಹಿಂದೆ ನಿಲ್ಲಬೇಕು. ದಂಡದ ದುಡ್ಡು ಹಾಡಿಗೆ ಸೇರುತ್ತಿತ್ತು, ಏಟು ತಿಂದವಳಿಗೆ ಅಲ್ಲ. ಆ ದುಡ್ಡಲ್ಲಿ ಊಟ ಹಾಕಿಸುತ್ತಿದ್ದರು, ಜೊತೆಗೆ ಕುಡಿಯುವುದೂ ನಡೆಯುತ್ತಿತ್ತು. ಕುಡಿದು ಹೊಡೆದವನು ದಂಡ ಕಟ್ಟಿ, ಅದೇ ರಾತ್ರಿ ಎಲ್ಲರ ಜೊತೆ ಕುಡಿದು ಮನೆಗೆ ಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ತಂಗಿ ವಿಷಯದಲ್ಲೂ ಹಾಡಿ ಹಲವು ಸಲ ಸೇರಿತ್ತು. ಪ್ರತಿ ಸಲ ದಂಡ, ಪ್ರತಿ ಸಲ 'ಹೊಂದ್ಕೊಂಡು ಹೋಗವ್ವ' ಅನ್ನುವ ಮಾತು. 'ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ' ಅಂತ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಿದ್ದರು. ಕೊನೆಗೆ ಒಂದು ರಾತ್ರಿ ಸೌದೆಯಲ್ಲಿ ಹೊಡೆದ ಏಟಿಗೆ ಅವಳ ಮುಂಗೈ ಮೂಳೆ ಮುರಿಯಿತು.

ಆಸ್ಪತ್ರೆಗೆ ಅವಳ ಅತ್ತೆಯೂ ಬಂದರು. ಡಾಕ್ಟರು 'ಹೇಗಾಯ್ತಮ್ಮ?' ಅಂದರು. ತಂಗಿ ನೆಲ ನೋಡುತ್ತಾ 'ಜಾರಿ ಬಿದ್ದೆ' ಅಂದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು, ಅತ್ತೆಯನ್ನು ಔಷಧಿ ತರಲು ಹೊರಗೆ ಕಳಿಸಿದರು, ಬಾಗಿಲು ಮುಂದೆ ಮಾಡಿ ಮತ್ತೆ ಕೇಳಿದರು. ಆಗ ತಂಗಿ ತನ್ನ ಒಳ್ಳೆಯ ಕೈಯನ್ನು ತಲೆ ಮೇಲೆ ಅಡ್ಡ ಹಿಡಿದು ತೋರಿಸಿದಳು, ಏಟು ಬಂದಾಗ ಹೇಗೆ ತಡೆದಳೋ ಹಾಗೆ. ಮಾತಾಡಲಿಲ್ಲ. ಡಾಕ್ಟರು ಓಪಿ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ಅಂತ ಬರೆದು ನಂಬರ್ ಹಾಕಿದರು. ಎಂಎಲ್‌ಸಿ ಆದರೆ ಆಸ್ಪತ್ರೆಯವರೇ ಪೊಲೀಸರಿಗೆ ತಿಳಿಸುತ್ತಾರೆ. ಮುಂದೆ ಗಾಯದ ಸರ್ಟಿಫಿಕೇಟು ಸಿಗುವುದೂ ಅದರ ಮೇಲೆಯೇ. ಬಿದ್ದೆ ಅಂತ ಬರೆಸಿದ್ದರೆ ಮುಂದಿನ ಒಂದೂ ನಡೆಯುತ್ತಿರಲಿಲ್ಲ. ಹಾಡಿಯ ಹೆಣ್ಣುಮಕ್ಕಳಿಗೆ ನಾನು ಈಗ ಎಲ್ಲಕ್ಕಿಂತ ಮೊದಲು ಹೇಳುವುದು ಇದನ್ನೇ.

ಠಾಣೆಯಲ್ಲಿ ಬೇರೆಯದೇ ಅನುಭವ. ಅಲ್ಲಿದ್ದವರು ಎಂಎಲ್‌ಸಿ ನೋಡಿದರು, ತಂಗಿಯ ಕೈ ನೋಡಿದರು, 'ನಿಮ್ಮದು ಹಾಡಿ ಅಲ್ವಾ? ನಿಮ್ಮ ಯಜಮಾನರು ಇದ್ದಾರಲ್ಲ, ಅಲ್ಲೇ ಬಗೆಹರಿಸ್ಕೊಳ್ಳಿ' ಅಂದರು. ಹಾಡಿಯಲ್ಲಿ ಕೇಳಿದ್ದ ಅದೇ ಗಾದೆಯನ್ನು ಇಲ್ಲೂ ಹೇಳಿದರು. ಯಜಮಾನರನ್ನು ಕೇಳಿದರೆ 'ಮೂಳೆ ಮುರಿದದ್ದು ನಮ್ಮ ಕೈಲಿ ಆಗೋ ನ್ಯಾಯ ಅಲ್ಲ, ಪೊಲೀಸಿಗೆ ಹೋಗಿ' ಅಂದಿದ್ದರು. ಇವರು ಅಲ್ಲಿಗೆ ಕಳಿಸುತ್ತಾರೆ, ಅವರು ಇಲ್ಲಿಗೆ ಕಳಿಸುತ್ತಾರೆ. ನಡುವೆ ಕೈಗೆ ಕಟ್ಟು ಹಾಕಿಸಿಕೊಂಡವಳು ಮಗು ಎತ್ತಿಕೊಂಡು ಬಸ್ಸಿಗೆ ಕಾಯುತ್ತಾಳೆ. ಕೊನೆಗೆ ಗಂಡನನ್ನು ಕರೆಸಿ, ಇನ್ನು ಹೊಡೆಯುವುದಿಲ್ಲ ಅಂತ ಮುಚ್ಚಳಿಕೆ ಬರೆಸಿಕೊಂಡು ಕಳಿಸಿದರು. ಆ ಮುಚ್ಚಳಿಕೆಯ ನಕಲು ನಮಗೆ ಕೊಡಲಿಲ್ಲ. ಎಫ್‌ಐಆರ್ ಆಗಲಿಲ್ಲ.

ಮೂಳೆ ಮುರಿಯುವಂತೆ ಹೊಡೆದರೆ ಅದು ಪೊಲೀಸರು ಕೇಸು ದಾಖಲಿಸಲೇಬೇಕಾದ ಅಪರಾಧ. ದಾಖಲಿಸದಿದ್ದರೆ ದೂರನ್ನು ಪೋಸ್ಟಿನಲ್ಲಿ ಎಸ್‌ಪಿಗೆ ಕಳಿಸಬಹುದು ಅಂತ 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ. ಇನ್ನೊಂದು ಮುಖ್ಯ ಮಾತು. ಹೊಡೆತದ ದೂರು ಬಂದಾಗ 'ನಿನಗೆ ಸಂರಕ್ಷಣಾ ಆದೇಶ ಕೇಳುವ ಹಕ್ಕಿದೆ, ಉಚಿತವಾಗಿ ವಕೀಲರು ಸಿಗುತ್ತಾರೆ' ಅಂತ ಹೆಣ್ಣಿಗೆ ತಿಳಿಸುವುದು ಪೊಲೀಸರದ್ದೇ ಕರ್ತವ್ಯ. ಇದು ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ 5ನೇ ಕಲಮಿನಲ್ಲೇ ಇದೆ. ಆ ಕಾಯ್ದೆ 2005ರದ್ದು. ಅವತ್ತು ಒಬ್ಬರೂ ಅದರ ಮಾತು ಎತ್ತಲಿಲ್ಲ.

ನನಗೆ ದಾರಿ ಸಿಕ್ಕಿದ್ದು ನನ್ನ ಕೆಲಸದಿಂದ. ನಮ್ಮ ಇಲಾಖೆಯ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅವರೇ ಈ ಕಾಯ್ದೆಯಡಿ ತಾಲ್ಲೂಕಿಗೆ ಸಂರಕ್ಷಣಾಧಿಕಾರಿ. ಪೌಷ್ಟಿಕ ಆಹಾರದ ಲೆಕ್ಕ ಕೊಡಲು ಹೋಗುವ ಅದೇ ಕಚೇರಿ. ಮೇಡಂ ಹತ್ತಿರ ತಂಗಿಯನ್ನು ಕರೆದುಕೊಂಡು ಹೋದೆ. ಅವರು ಒಂದು ಫಾರಂ ತೆಗೆದರು. ಡಿಐಆರ್ ಅನ್ನುತ್ತಾರೆ, ಅಂದರೆ ಕೌಟುಂಬಿಕ ಘಟನಾ ವರದಿ. ಯಾವಾಗ, ಎಲ್ಲಿ, ಯಾವುದರಿಂದ ಹೊಡೆದ, ಯಾರು ನೋಡಿದರು, ಕೂಲಿ ದುಡ್ಡು ಕಿತ್ತುಕೊಂಡನಾ, ಮನೆಯಿಂದ ಆಚೆ ಹಾಕಿದನಾ, ಎಲ್ಲ ಕೇಳಿದರು. ಹೊಡೆತ ಒಂದೇ ಅಲ್ಲ, ಬೈಗುಳ, ದುಡ್ಡು ಕೊಡದೆ ಸತಾಯಿಸುವುದು, ಹಾಸಿಗೆಯಲ್ಲಿ ಬಲವಂತ, ಇವೂ ಈ ಕಾಯ್ದೆಯಲ್ಲಿ ಹಿಂಸೆಯೇ. ಆ ಕೊನೆಯದನ್ನು ಕೇಳಿದಾಗ ತಂಗಿ ತುಂಬಾ ಹೊತ್ತು ಸುಮ್ನೆ ಕೂತಳು. ಮೇಡಂ ಪೆನ್ನು ಕೆಳಗಿಟ್ಟು ಕಾದರು. ಅವಸರ ಮಾಡಲಿಲ್ಲ.

ಮೇಡಂ ಪೊಲೀಸ್ ಕೇಸೂ ಮಾಡಬಹುದು ಅಂದರು. ತಂಗಿಗೆ ಗಂಡ ಜೈಲಿಗೆ ಹೋಗುವುದು ಬೇಕಿರಲಿಲ್ಲ. 'ಹೊಡೀಬಾರದು, ನನ್ನ ಮನೆಯಿಂದ ನನ್ನ ಓಡಿಸಬಾರದು, ಮಕ್ಕಳಿಗೆ ದುಡ್ಡು ಕೊಡಬೇಕು. ಅಷ್ಟೇ' ಅಂದಳು. ಈ ಕಾಯ್ದೆ ಇರುವುದೇ ಅದಕ್ಕೆ. ಹೆಣ್ಣು ಕೇಳುವುದು ಶಿಕ್ಷೆಯಲ್ಲ, ರಕ್ಷಣೆ. ಆದೇಶ ಬಂದಮೇಲೂ ಅವನು ಮೀರಿದರೆ ಮಾತ್ರ ಒಂದು ವರ್ಷದವರೆಗೆ ಜೈಲು, ಇಲ್ಲ 20,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ.

ವಕೀಲರ ಚಿಂತೆ ಬೇಗ ಮುಗಿಯಿತು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟೆವು. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಂಗಸರಿಗೂ, ಪರಿಶಿಷ್ಟ ಪಂಗಡದವರಿಗೂ ಆದಾಯ ನೋಡದೆ ವಕೀಲರನ್ನು ಕೊಡಬೇಕು. ನಮಗೆ ಒಬ್ಬ ಲಾಯರ್ ಮೇಡಂ ಸಿಕ್ಕರು.

ಅವರು ಕೇಳಿದ ಮೊದಲ ಪ್ರಶ್ನೆಗೇ ನಾವು ಸಿಕ್ಕಿಬಿದ್ದೆವು. ಮದುವೆ ಯಾವಾಗ ಆಯ್ತು? ಫೋಟೊ, ಲಗ್ನಪತ್ರಿಕೆ, ಸರ್ಟಿಫಿಕೇಟು ಏನಿದೆ? ಏನೂ ಇಲ್ಲ. ನಮ್ಮಲ್ಲಿ ಹುಡುಗ ಹುಡುಗಿ ಒಪ್ಪಿ ಓಡಿಹೋಗಿ, ಸ್ವಲ್ಪ ದಿನ ಬೇರೆ ಕಡೆ ಇದ್ದು ಬರುತ್ತಾರೆ. ಹಿರಿಯರು ತಪ್ಪು ಕಟ್ಟಿಸಿಕೊಂಡು ಕೂಡಿಸುತ್ತಾರೆ. ಅದೇ ಮದುವೆ. 1955ರ ಹಿಂದೂ ವಿವಾಹ ಕಾಯ್ದೆ ಸಾಮಾನ್ಯವಾಗಿ ಪರಿಶಿಷ್ಟ ಪಂಗಡದವರಿಗೆ ಅನ್ವಯಿಸುವುದಿಲ್ಲ ಅಂತ ಆ ಕಾಯ್ದೆಯೇ ಹೇಳುತ್ತದೆ, ನಮ್ಮ ಮದುವೆಗೆ ನಮ್ಮ ಪದ್ಧತಿಯೇ ಆಧಾರ. ಹಾಗಾದರೆ ಆ ಪದ್ಧತಿ ನಡೆದದ್ದಕ್ಕೆ ಸಾಕ್ಷಿ ಯಾರು? ಕೂಡಿಸಿದ ಯಜಮಾನರು. ಕೌಟುಂಬಿಕ ಹಿಂಸೆ ಕಾಯ್ದೆ ಯಾವ ಧರ್ಮ, ಯಾವ ಜಾತಿ ಅಂತ ನೋಡುವುದಿಲ್ಲ, ಮದುವೆಯಂತಹ ಸಂಬಂಧದಲ್ಲಿ ಒಂದೇ ಮನೆಯಲ್ಲಿ ಬಾಳಿದವಳಿಗೂ ರಕ್ಷಣೆ ಕೊಡುತ್ತದೆ. ಆದರೂ ಎದುರಿನವರು 'ಇವಳು ನನ್ನ ಹೆಂಡತಿಯೇ ಅಲ್ಲ' ಅಂದರೆ ಸುಮ್ನೆ ವಾಯಿದೆ ಮೇಲೆ ವಾಯಿದೆ ಬೀಳುತ್ತದೆ ಅಂತ ಲಾಯರ್ ಮೇಡಂ ಎಚ್ಚರಿಸಿದರು. ರೇಷನ್ ಕಾರ್ಡು, ದೊಡ್ಡ ಮಗುವಿನ ತಾಯಿ ಕಾರ್ಡು ಜೋಡಿಸಿದೆವು. ತಾಯಿ ಕಾರ್ಡಿನಲ್ಲಿ ಗಂಡನ ಹೆಸರು ನನ್ನದೇ ಕೈಬರಹದಲ್ಲಿತ್ತು.

ಯಜಮಾನರು ಮಾತ್ರ ಸಿಟ್ಟಾಗಿದ್ದರು. ಪೊಲೀಸಿಗೆ ಹೋಗಿ ಅಂದಿದ್ದವರೇ ಆದರೂ, ಹಾಡಿ ಮಾತು ಮೀರಿ ಕೋರ್ಟಿನವರೆಗೆ ಹೋದಿರಿ ಅನ್ನುವ ಸಿಟ್ಟು. ತಂಗಿಯ ಗಂಡನ ಕಡೆಯವರು ಅವಳನ್ನು ಹಾಡಿಯಿಂದಲೇ ಆಚೆ ಹಾಕಬೇಕು ಅಂತ ಹಟ ಹಿಡಿದರು. ಸಾವಿಗೆ, ಹಬ್ಬಕ್ಕೆ ಕರೆಯಬಾರದು ಅಂದರು. ಪೇಟೆಯಲ್ಲಿರುವವರಿಗೆ ಇದು ಸಣ್ಣದು ಅನ್ನಿಸಬಹುದು. ನಮಗೆ ಹಾಗಲ್ಲ. ಕಾಡಂಚಿನಲ್ಲಿ ಒಂಟಿ ಹೆಂಗಸು ಮಕ್ಕಳ ಜೊತೆ ಹಾಡಿಯ ಬೆಂಬಲ ಇಲ್ಲದೆ ಬದುಕುವುದು ಆಗದ ಮಾತು. ಎಷ್ಟೋ ಹೆಣ್ಣುಮಕ್ಕಳು ಠಾಣೆಗೆ ಹೋಗದೆ ಇರುವುದು ಪೊಲೀಸರ ಭಯಕ್ಕಿಂತ ಜಾಸ್ತಿ ಈ ಭಯದಿಂದ.

ಯಜಮಾನರ ಸಿಟ್ಟಿನ ಹಿಂದೆ ಇನ್ನೊಂದು ನೋವೂ ಇದೆ, ಅದನ್ನು ಬಿಟ್ಟು ಬರೆದರೆ ತಪ್ಪಾಗುತ್ತದೆ. ನಮ್ಮ ಹಿರಿಯರು ನಾಗರಹೊಳೆ ಕಾಡಿನ ಒಳಗಿದ್ದವರು. ಅಲ್ಲಿಂದ ಹೊರಗೆ ಬಿದ್ದ ಆದಿವಾಸಿ ಕುಟುಂಬಗಳು 3,418 ಅಂತ ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫ್ಫರ್ ಅಸ್ಸಾದಿ ಅವರ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ಹೊರಗೆ ಬಂದಮೇಲೆ ಬೇರೆ ಬೇರೆ ಹಾಡಿಯ ಮನೆಗಳು ಒಂದೇ ಕಡೆ ಬೆರೆತವು. ಜಮೀನಿಲ್ಲ. ಗಂಡಸರು ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋದರು, ವಾರದ ಬಟವಾಡೆ ಅಲ್ಲೇ ಹೆಂಡದಂಗಡಿಗೆ ಹೋಯಿತು. ಯಜಮಾನರ ಮಾತು ಕಾಡಿನಲ್ಲಿ ನಡೆಯುತ್ತಿದ್ದ ಹಾಗೆ ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ನಡೆಯುವುದಿಲ್ಲ. ಕಾನೂನಿನಲ್ಲೂ ಅವರಿಗೆ ಜಾಗ ಇಲ್ಲ. ಸಂವಿಧಾನದ ಐದನೇ ಅನುಸೂಚಿಯಡಿ ಆದಿವಾಸಿ ಪ್ರದೇಶ ಅಂತ ಘೋಷಿಸಿದ ಕಡೆಗಳಲ್ಲಿ 1996ರ ಪೆಸಾ ಕಾಯ್ದೆ ಗ್ರಾಮಸಭೆಯ ಪದ್ಧತಿಗೆ ಮಾನ್ಯತೆ ಕೊಡುತ್ತದೆ. ಕರ್ನಾಟಕದಲ್ಲಿ ಅಂತಹ ಪ್ರದೇಶವೇ ಇಲ್ಲ. ಪೊಲೀಸರು 'ಅಲ್ಲೇ ಬಗೆಹರಿಸ್ಕೊಳ್ಳಿ' ಅಂತ ಕಳಿಸುವಾಗ ಯಜಮಾನರ ಕೈಗೆ ಯಾವ ಅಧಿಕಾರವನ್ನೂ ಕೊಟ್ಟು ಕಳಿಸುವುದಿಲ್ಲ.

ನಮ್ಮ ಸ್ವಸಹಾಯ ಸಂಘದ ಹೆಂಗಸರೇ ಹಾಡಿ ಸೇರಿಸಬೇಕು ಅಂತ ಕೇಳಿದರು. ಈ ಸಲ ನಾವು ಹಿಂದೆ ನಿಲ್ಲಲಿಲ್ಲ, ಕೂತೆವು. ಗಂಡಸರು ಗೊಣಗಿದರು. ಆಗ ನಮ್ಮ ಹಾಡಿಯ ಸೂಲಗಿತ್ತಿ ಅಜ್ಜಿ ಎದ್ದರು. ಅಲ್ಲಿದ್ದ ಅರ್ಧ ಜನರ ಹೆರಿಗೆ ಮಾಡಿಸಿದವರು. 'ಈ ಕೂಸನ್ನ ಹೊರಗೆ ತೆಗೆದದ್ದು ನಾನು. ಇವಳ ವಿಷಯ ಮಾತಾಡೋವಾಗ ನನ್ನೂ ಕೇಳಿ' ಅಂದರು. ಆಮೇಲೆ ತಂಗಿಯನ್ನು ಹತ್ತಿರ ಕರೆದು, ಕಟ್ಟು ಹಾಕಿದ ಕೈಯನ್ನು ತಮ್ಮ ತೊಡೆ ಮೇಲೆ ಇಟ್ಟುಕೊಂಡು, ಹಾಡಿ ಎಷ್ಟು ಸಲ ದಂಡ ಹಾಕಿತ್ತು, ಆ ದುಡ್ಡು ಏನಾಯ್ತು ಅಂತ ಒಂದೊಂದಾಗಿ ಕೇಳಿದರು. ಯಾರ ಹತ್ತಿರವೂ ಉತ್ತರ ಇರಲಿಲ್ಲ.

ನಾನು ಯಜಮಾನರಿಗೆ ಹೇಳಿದ್ದು ಇಷ್ಟು: 'ಅಜ್ಜ, ಕೋರ್ಟಿನ ಆದೇಶ ಕೊಡಗಿನ ತೋಟದವರೆಗೂ ಹೋಗುತ್ತೆ, ನಿಮ್ಮ ಮಾತು ಅಲ್ಲಿಗೆ ಹೋಗಲ್ಲ. ರಾತ್ರಿ ಅವನು ಕುಡಿದು ಬಾಗಿಲು ಒದ್ದರೆ ಕೋರ್ಟು ಬರಲ್ಲ, ನೀವು ಬರ್ತೀರ. ಎರಡೂ ಬೇಕು ನಮಗೆ. ನೀವು ಬಂದು ಮದುವೆ ನಾನೇ ಮಾಡಿಸಿದ್ದು ಅಂತ ಹೇಳಿ.' ಅವರು ಅವತ್ತು ಏನೂ ಹೇಳಲಿಲ್ಲ. ವಾಯಿದೆ ದಿನ ಬೆಳಿಗ್ಗೆ ಒಗೆದ ಬಿಳಿ ಪಂಚೆ ಉಟ್ಟು ಬಸ್ ನಿಲ್ಲುವ ಕಡೆ ನಿಂತಿದ್ದರು.

ಕೋರ್ಟಿನ ಬಗ್ಗೆ ಹೆದರಿಕೆ ಇರುವವರಿಗೆ ಸ್ವಲ್ಪ ಹೇಳುತ್ತೇನೆ. ಅರ್ಜಿ ಹಾಕಿದಮೇಲೆ ಮೊದಲ ವಿಚಾರಣೆ ಮೂರು ದಿನದೊಳಗೆ ಇಡಬೇಕು, 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ನಮಗೆ ಅದಕ್ಕಿಂತ ತುಂಬಾ ಜಾಸ್ತಿ ಹಿಡಿಯಿತು. ನೋಟಿಸ್ ಜಾರಿಯೇ ದೊಡ್ಡ ಕಷ್ಟ. ಗಂಡ ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಹೋಗುತ್ತಿದ್ದ. ಯಾವ ಲೈನ್ ಮನೆಯಲ್ಲಿದ್ದಾನೆ ಅಂತ ಹುಡುಕಿ ಹೇಳಿದ್ದು ಅಲ್ಲಿ ಕೆಲಸಕ್ಕೆ ಹೋಗುವ ನಮ್ಮ ಹಾಡಿಯವರೇ. ಒಂದೊಂದು ವಾಯಿದೆಗೂ ಒಂದು ದಿನದ ಕೂಲಿ ಹೋಗುತ್ತದೆ. ವಾಪಸ್ ಬರುವಾಗ ಕತ್ತಲಾದರೆ ಆನೆ ಭಯ, ಹಾಗಾಗಿ ಮಧ್ಯಾಹ್ನದ ಮೇಲೆ ಕೇಸ್ ಕೂಗಿದರೆ ರಾತ್ರಿ ಪೇಟೆಯಲ್ಲೇ ಉಳಿಯಬೇಕು. ಲಾಯರ್ ಮೇಡಂ ಇದನ್ನು ಹೇಳಿದ ಮೇಲೆ ನಮ್ಮ ಕೇಸನ್ನು ಬೆಳಿಗ್ಗೆಯೇ ತೆಗೆದುಕೊಳ್ಳತೊಡಗಿದರು. ಇಂತಹ ಸಣ್ಣ ಸಹಾಯ ಎಷ್ಟು ದೊಡ್ಡದು ಅಂತ ಓಡಾಡಿದವರಿಗೇ ಗೊತ್ತು.

ಮ್ಯಾಜಿಸ್ಟ್ರೇಟರು ಮದುವೆ ಯಾವಾಗ ಆಯ್ತಮ್ಮ ಅಂದಾಗ ತಂಗಿ 'ಜೇನು ಇಳಿಸೋ ಕಾಲ, ಮಳೆ ಹಿಡಿಯೋಕೆ ಮುಂಚೆ' ಅಂದಳು. ಯಾವ ವರ್ಷ ಅಂದರೆ ಗೊತ್ತಿಲ್ಲ. ಯಜಮಾನರನ್ನು ಕೇಳಿದರು. ಅವರು ಯಾರು ಯಾರು ಸೇರಿದ್ದರು, ಎಷ್ಟು ತಪ್ಪು ಕಟ್ಟಿದರು, ಯಾವ ದೇವರ ಮುಂದೆ ಕೂಡಿಸಿದೆವು, ಎಲ್ಲ ಬಿಡಿಸಿ ಹೇಳಿದರು. ಹಾಡಿಯಲ್ಲಿ ಹಲವು ಸಲ ದಂಡ ಹಾಕಿದ್ದೂ ನಿಜ, ಅವನು ಕೇಳಲಿಲ್ಲ ಅಂತಲೂ ಹೇಳಿದರು. ನಾವು ಇಷ್ಟು ದಿನ ಬೈದುಕೊಂಡಿದ್ದ ಆ ದಂಡಗಳೇ ಅವತ್ತು ಹಿಂಸೆ ಹಳೆಯದು ಅನ್ನುವುದಕ್ಕೆ ಸಾಕ್ಷಿಯಾದವು.

ಮನೆಯ ವಿಷಯ ನನಗೆ ತುಂಬಾ ಆತಂಕ ಇತ್ತು. ಹಾಡಿಯ ಮನೆಗೆ ಖಾತೆ ಇಲ್ಲ, ಪತ್ರ ಇಲ್ಲ. ಯಾರ ಮನೆ ಅಂತ ಹೇಗೆ ತೋರಿಸುವುದು? ಆದರೆ ಕಾಯ್ದೆಯ 17ನೇ ಕಲಮು ಪ್ರಕಾರ ಮನೆ ಯಾರ ಹೆಸರಲ್ಲಿದ್ದರೂ ಜೊತೆಯಾಗಿ ಬಾಳಿದ ಮನೆಯಲ್ಲಿ ಇರುವ ಹಕ್ಕು ಹೆಣ್ಣಿಗಿದೆ. ಮಧ್ಯಂತರ ಆದೇಶದಲ್ಲೇ ಅದು ಸಿಕ್ಕಿತು. ಹೊಡೆಯಬಾರದು, ಕುಡಿದು ಮನೆಗೆ ಬರಬಾರದು, ಅವಳನ್ನು ಹೊರಹಾಕಬಾರದು, ಮಕ್ಕಳ ಖರ್ಚಿಗೆ ತಿಂಗಳಿಗೆ ಇಷ್ಟು ಕೊಡಬೇಕು. ಇದೇ ಮಾತಿಗೆ ಇನ್ನೊಂದು ಸೇರಿಸುತ್ತೇನೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕುಪತ್ರವನ್ನು ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಕೊಡಬೇಕು ಅಂತಿದೆ. ಅರ್ಜಿ ಹಾಕುವಾಗಲೇ ಇಬ್ಬರ ಹೆಸರು ಬರೆಸಿ. ಹೊಡೆತ ತಿನ್ನುವ ಹೆಣ್ಣಿಗೆ ಅದಕ್ಕಿಂತ ದೊಡ್ಡ ಬಲ ಇಲ್ಲ.

ಆದೇಶದ ಪ್ರತಿಯನ್ನು ಕೋರ್ಟು ಎರಡೂ ಕಡೆಯವರಿಗೆ, ಠಾಣೆಗೆ ಉಚಿತವಾಗಿ ಕೊಡುತ್ತದೆ. ಅದು ಅಲ್ಲಿಗೇ ನಿಂತರೆ ಹಾಡಿಗೆ ಗೊತ್ತಾಗುವುದಿಲ್ಲ. ನಾವು ಕೇಳಿಕೊಂಡ ಮೇಲೆ ಸಿಡಿಪಿಒ ಮೇಡಂ ಹಾಡಿಗೆ ಬಂದು ಎಲ್ಲರ ಮುಂದೆ ಓದಿದರು. ಅವರು ಒಂದು ಸಾಲು ಓದುವುದು, ನಾನು ನಮ್ಮ ಮಾತಲ್ಲಿ ಹೇಳುವುದು. ಗಂಡನೂ ಅಲ್ಲೇ ನಿಂತಿದ್ದ. ಓದಿ ಮುಗಿದಮೇಲೆ ಯಜಮಾನರು 'ಇದು ಹಾಡಿ ಮಾತೂ ಹೌದು' ಅಂದರು.

ಅವತ್ತೇ ಕೆಲವು ವಿಷಯ ತೀರ್ಮಾನ ಆದವು. ದಂಡ ಹಾಕಿದರೆ ದುಡ್ಡು ಏಟು ತಿಂದವಳಿಗೆ ಸೇರಬೇಕು. ರಕ್ತ ಬಂದರೆ, ಮೂಳೆ ಮುರಿದರೆ ಮೊದಲು ಆಸ್ಪತ್ರೆ, ಆಮೇಲೆ ಮಾತು. ಮಕ್ಕಳ ಮೇಲೆ ಯಾರಾದರೂ ಕೈ ಹಾಕಿದರೆ, ಹೆಣ್ಣಿನ ಮೇಲೆ ಅತ್ಯಾಚಾರ ಆದರೆ ಹಾಡಿ ಕೂರುವುದೇ ಇಲ್ಲ, ನೇರ ಪೊಲೀಸು. ಹದಿನೆಂಟು ತುಂಬದ ಮಕ್ಕಳ ವಿಷಯ ಗೊತ್ತಿದ್ದೂ ಮುಚ್ಚಿಟ್ಟರೆ ಮುಚ್ಚಿಟ್ಟವರಿಗೂ 2012ರ ಪೋಕ್ಸೊ ಕಾಯ್ದೆಯಲ್ಲಿ ಶಿಕ್ಷೆ ಇದೆ ಅಂತ ನಾನು ಬಿಡಿಸಿ ಹೇಳಿದೆ. ಹೊರಗಿನವರು, ತೋಟದ ಲೆಕ್ಕ ಬರೆಯುವ ರೈಟರೋ ಮಾಲೀಕರ ಕಡೆಯವರೋ, ನಮ್ಮ ಹೆಣ್ಣುಮಕ್ಕಳ ಮೇಲೆ ಕೈ ಮಾಡಿ ಯಜಮಾನರಿಗೆ ದುಡ್ಡು ಕೊಟ್ಟು ಮುಗಿಸಲು ಬಂದರೆ ಆ ದುಡ್ಡು ಮುಟ್ಟಬಾರದು. ತಂಗಿಯ ಗಂಡ ನಮ್ಮವನೇ ಆದ್ದರಿಂದ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಅವನಿಗೆ ಅನ್ವಯಿಸಲಿಲ್ಲ. ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರದ ಹೊರಗಿನವರಿಗೆ ಅನ್ವಯಿಸುತ್ತದೆ. ಆ ಕೇಸಿನ ತನಿಖೆಯನ್ನು ಡಿವೈಎಸ್‌ಪಿ ದರ್ಜೆಯವರು ಮಾಡಬೇಕು.

ಹೆಣ್ಣುಮಕ್ಕಳ ಮೇಲಿನ ತಾರತಮ್ಯ ತೊಡೆಯಲು ಸೀಡಾ ಅನ್ನುವ ಒಂದು ಅಂತರರಾಷ್ಟ್ರೀಯ ಒಪ್ಪಂದ ಇದೆ. 2022ರಲ್ಲಿ ವಿಶ್ವಸಂಸ್ಥೆಯ ಸೀಡಾ ಸಮಿತಿ ಆದಿವಾಸಿ ಹೆಣ್ಣುಮಕ್ಕಳ ಹಕ್ಕುಗಳ ಬಗ್ಗೆ 39ನೇ ಸಾಮಾನ್ಯ ಶಿಫಾರಸು ಹೊರಡಿಸಿತು ಅಂತ ಮೈಸೂರಿನ ಒಂದು ತರಬೇತಿಯಲ್ಲಿ ಕೇಳಿದೆ. ಸರ್ಕಾರದ ನ್ಯಾಯವೂ ಸಮುದಾಯದ ನ್ಯಾಯವೂ ಎರಡೂ ಹೆಣ್ಣಿಗೆ ರಕ್ಷಣೆ ಕೊಡಬೇಕು, ಎರಡರಲ್ಲೂ ಅವಳಿಗೆ ಜಾಗ ಇರಬೇಕು ಅಂತ ಅದರಲ್ಲಿದೆಯಂತೆ. ಭಾರತ 1993ರಲ್ಲೇ ಆ ಒಪ್ಪಂದಕ್ಕೆ ಸೇರಿದೆ. ಕೇಳುತ್ತಾ ಕೂತಾಗ ನನಗೆ ನೆಲದ ಮೇಲೆ ಕೂತಿದ್ದ ನಮ್ಮ ಸಂಘದ ಹೆಂಗಸರೇ ಕಣ್ಣ ಮುಂದೆ ಬಂದರು.

ತುರ್ತಿಗೆ ಬೇಕಾದವರಿಗೆ: 112 ಪೊಲೀಸು, 181 ಮಹಿಳಾ ಸಹಾಯವಾಣಿ, 1098 ಮಕ್ಕಳಿಗೆ, 15100 ಉಚಿತ ಕಾನೂನು ನೆರವಿಗೆ. ಜಿಲ್ಲೆಯ ಸಖಿ ಕೇಂದ್ರದಲ್ಲಿ ಚಿಕಿತ್ಸೆ, ವಕೀಲರು, ಕೆಲವು ದಿನ ಉಳಿಯುವ ಜಾಗ ಎಲ್ಲ ಒಂದೇ ಕಡೆ ಸಿಗುತ್ತದೆ. ಹಾಡಿಯಲ್ಲಿ ಸಿಗ್ನಲ್ ಇಲ್ಲದ ಕಡೆ ಆಶಾ ಅಥವಾ ಅಂಗನವಾಡಿಯವರ ಮನೆ ಬಾಗಿಲು ತಟ್ಟಿ.

ತಂಗಿ ಈಗ ಅದೇ ಮನೆಯಲ್ಲಿದ್ದಾಳೆ. ಆದೇಶ ಆದಮೇಲೆ ಅವನು ಕೈ ಎತ್ತಿಲ್ಲ. ತಿಂಗಳ ದುಡ್ಡು ಮಾತ್ರ ಸ್ವಲ್ಪ ದಿನ ಬಂದು ನಿಂತುಹೋಯಿತು. ಕೊಡದಿದ್ದರೆ ಕೆಲಸ ಕೊಟ್ಟವರೇ ಕೂಲಿಯಲ್ಲಿ ಹಿಡಿದು ಕೊಡುವಂತೆ ಕೋರ್ಟು ಹೇಳಬಹುದು ಅಂತ 20ನೇ ಕಲಮಿನಲ್ಲಿದೆ. ಅದಕ್ಕೆ ಅರ್ಜಿ ಹಾಕಿದ್ದೇವೆ. ಅವನು ಯಾವ ತೋಟದಲ್ಲಿದ್ದಾನೆ ಅಂತ ಹೇಳಲು ಯಜಮಾನರು ಮುಂದಿನ ವಾಯಿದೆಗೂ ಬರುತ್ತಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಹೆಂಗಸರಿಗೆ ಬಸ್ಸು ಫ್ರೀ. ಯಜಮಾನರ ಟಿಕೆಟ್ ದುಡ್ಡನ್ನು ಸಂಘದಿಂದ ಕೊಡುವುದು ಅಂತ ಹೋದ ವಾರದ ಸಭೆಯಲ್ಲಿ ಬರೆದುಕೊಂಡಿದ್ದೇವೆ.